ನಾಯಿ ಮಾತು ಕೇಳ್ತಿಲ್ವಾ? ಮೊದಲು ಮನೆ ನೋಡಿ

ಧಾರವಾಡದ ಸಪ್ತಾಪುರದಲ್ಲಿ ಒಂದು ಹಳೆಯ ಮನೆ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಜಿಟಿಜಿಟಿ ಮಳೆ. ಯಜಮಾನರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಾಯಿ ಮಾತ ಕೇಳೂದಿಲ್ರಿ, ಬಂದ್ ನೋಡ್ರಿ." ಹತ್ತು ತಿಂಗಳ ಲ್ಯಾಬ್ರಡಾರ್. ಹೋದೆ. ನಾಯಿಯನ್ನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅರ್ಧ ಗಂಟೆ ಸುಮ್ನೆ ಕೂತೆ.

ನಾಯಿ ಅಡುಗೆಮನೆ ಕಡೆ ಹೊರಟಿತು. ಅಜ್ಜಿ "ಹಚಾ, ಹೊರಗ ನಡಿ" ಅಂದರು. ಮೊಮ್ಮಗ "ಸ್ಟೇ" ಅಂದ. ಸೊಸೆ ಒಳಗಿನಿಂದ "ಬ್ಯಾಡ ಬ್ಯಾಡ" ಅಂದರು. ಯಜಮಾನರು ಸಿಳ್ಳೆ ಹಾಕಿದರು. ನಾಯಿ ನಡುವೆ ನಿಂತು ನಾಲ್ವರ ಮುಖ ನೋಡಿತು. ಆಮೇಲೆ ಬಾಲ ಅಲ್ಲಾಡಿಸುತ್ತ ಅಡುಗೆಮನೆಗೇ ಹೋಯಿತು. ಅಂದು ಬೆಳಿಗ್ಗೆ ಅಲ್ಲೇ ಅದಕ್ಕೆ ಅರ್ಧ ಚಪಾತಿ ಸಿಕ್ಕಿತ್ತಂತೆ. ಕೊಟ್ಟವರು ಯಾರು ಅಂತ ಕೇಳಿದೆ. "ಹಚಾ" ಅಂದ ಅಜ್ಜಿಯೇ.

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಮನೆಗೆ ಹೋಗಿ ನಾಯಿಗೆ ಕಲಿಸುವುದು ನನ್ನ ಕೆಲಸ. ನನಗೆ ಬರುವ ದೂರುಗಳಲ್ಲಿ ಬಹಳಷ್ಟು ಇಂಥವೇ. ನಾಯಿ ಕೆಟ್ಟಿರುವುದಿಲ್ಲ. ಮನೆಗೆ ಏನು ಬೇಕು ಅನ್ನೋದು ಮನೆಯವರಲ್ಲೇ ತೀರ್ಮಾನ ಆಗಿರುವುದಿಲ್ಲ. ಇಲ್ಲವೇ ಆ ಮನೆಗೆ ಹೊಂದದ ನಿರೀಕ್ಷೆಯನ್ನು ಎಲ್ಲಿಂದಲೋ ತಂದಿರುತ್ತಾರೆ. ಹಾಗಾಗಿ ನಾನು ದೋಷ ಹುಡುಕುವ ಕ್ರಮ ಇಲ್ಲಿದೆ. ನಿಮ್ಮ ಮನೆಯಲ್ಲಿ ನೀವೇ ಮಾಡಿ ನೋಡಬಹುದು.

ಮೊದಲ ಪರೀಕ್ಷೆ: ಇದು ಕಾಯಿಲೆಯೇ?

ನಡತೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಕಲಿಸುವ ಮಾತೇ ಬೇಡ. ಮೊದಲು ಪಶುವೈದ್ಯರ ಹತ್ತಿರ ಹೋಗಿ. ಎರಡು ವರ್ಷ ಮನೆಯೊಳಗೆ ಉಚ್ಚೆ ಮಾಡದ ನಾಯಿ ಈ ವಾರ ಮಾಡುತ್ತಿದೆ ಅಂದರೆ ಮೂತ್ರದ ಸೋಂಕು ಇರಬಹುದು. ನೀರು ಜಾಸ್ತಿ ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆಯೂ ಇರಬಹುದು. ತಲೆ ಮುಟ್ಟಿದರೆ ಗುರ್ ಅನ್ನುವ ನಾಯಿಯ ಕಿವಿ ಎತ್ತಿ ಮೂಸಿ ನೋಡಿ. ಕೆಟ್ಟ ವಾಸನೆ ಬಂದರೆ ಕಿವಿ ಸೋಂಕು. ವಯಸ್ಸಾದ ನಾಯಿ ಮೆಟ್ಟಿಲ ಹತ್ತಿರ ಮಕ್ಕಳನ್ನು ಕಂಡು ಹಲ್ಲು ತೋರಿಸಿದರೆ ಸೊಂಟದ ನೋವು ಇರಬಹುದು.

ರಕ್ತ ಹೀರುವ ಉಣ್ಣೆ ಹುಳವನ್ನು ಮರೆಯಬೇಡಿ. ಕಿವಿಯೊಳಗೆ, ಕಾಲ್ಬೆರಳಿನ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಬೆರಳಾಡಿಸಿ. ಮಂಕಾಗಿ ಮಲಗಿದ್ದು, ಊಟ ಬಿಟ್ಟು, ವಸಡು ಬಿಳಿಚಿಕೊಂಡಿದ್ದರೆ ಉಣ್ಣೆ ಜ್ವರದ ಅನುಮಾನ. ನಾಯಿಯ ಮಾಮೂಲಿ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಮುಟ್ಟಿ ಜ್ವರ ಹೇಳಲಾಗದು, ಥರ್ಮಾಮೀಟರ್ ಬೇಕು.

ಎರಡನೆಯದು: ಚೀಟಿ ಪರೀಕ್ಷೆ

ಇದು ನನ್ನ ಮೆಚ್ಚಿನ ಉಪಾಯ, ಖರ್ಚೂ ಇಲ್ಲ. ಮನೆಯ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಒಬ್ಬರದು ಒಬ್ಬರು ನೋಡಬಾರದು. ನಾಯಿ ಎಲ್ಲೆಲ್ಲಿ ಬರಬಾರದು, ಯಾರಿಗೆ ಬೊಗಳಬೇಕು, ಯಾರು ಊಟ ಹಾಕಬೇಕು, ಮಳೆ ಇದ್ದಾಗ ಯಾರು ಹೊರಗೆ ಕರೆದೊಯ್ಯಬೇಕು, ಇಷ್ಟು ಬರೆಯಲಿ. ಬರೆಯಲು ಬಾರದವರ ಮಾತು ನೀವು ಬರೆದುಕೊಳ್ಳಿ. ಆಮೇಲೆ ಎಲ್ಲವನ್ನೂ ಜೋಡಿಸಿಟ್ಟು ನೋಡಿ.

ವಿದ್ಯಾನಗರದ ಒಂದು ಮನೆಯಲ್ಲಿ ಗಂಡ "ಯಾರ ಬಂದ್ರೂ ಬೊಗಳಬೇಕು" ಅಂತ ಬರೆದಿದ್ದರು. ಹೆಂಡತಿ ಟ್ಯೂಷನ್ ಹೇಳುತ್ತಾರೆ, ಸಂಜೆ ಹನ್ನೆರಡು ಮಕ್ಕಳು ಬರುತ್ತಾರೆ. ಅವರ ಚೀಟಿಯಲ್ಲಿ "ಬೊಗಳಲೇಬಾರದು" ಅಂತಿತ್ತು. ಇಬ್ಬರೂ ಒಂದೇ ನಾಯಿಗೆ ಎಂಟು ತಿಂಗಳಿಂದ ಕಲಿಸುತ್ತಿದ್ದರು. ಚೀಟಿ ನೋಡಿ ಅವರೇ ನಕ್ಕರು. ಆಮೇಲೆ ಜಗಳವನ್ನೂ ಆಡಿದರು, ಅದು ಬೇರೆ ಮಾತು.

ಸಪ್ತಾಪುರದ ಮನೆಯಲ್ಲಿ ಅಜ್ಜಿಯದು ಒಂದೇ ಬೇಡಿಕೆ. "ಅಡಿಗಿಮನಿ, ದೇವರಮನಿ ಎರಡಕ್ಕ ಬರಬಾರದಪಾ. ಉಳದದ್ದು ನಿಮಗ ಬಿಟ್ಟದ್ದು." ಮೊಮ್ಮಗನಿಗೆ ಕೈ ಕೊಡೋದು, ಉರುಳೋದು, ಸತ್ತಂತೆ ಬೀಳೋದು ಎಲ್ಲ ಬೇಕಿತ್ತು. ಸೊಸೆಗೆ ಒಗೆದು ಒಣಹಾಕಿದ ಬಟ್ಟೆ ಎಳೆಯದಿದ್ದರೆ ಸಾಕಿತ್ತು. ಚೀಟಿಯಿಂದ ಮೂರೇ ಮೂರು ನಿಯಮ ತೆಗೆದು ಫ್ರಿಜ್ ಮೇಲೆ ಅಂಟಿಸಿದೆವು. ಕೈ ಕೊಡೋದು ಆ ಪಟ್ಟಿಯಲ್ಲಿ ಇರಲಿಲ್ಲ. ಹುಡುಗನ ಮುಖ ಸಣ್ಣಗಾಯಿತು.

ಮೂರಕ್ಕಿಂತ ಜಾಸ್ತಿ ನಿಯಮ ಒಮ್ಮೆಲೇ ಬೇಡ ಅನ್ನೋದು ನನ್ನ ಹಟ. ಎಲ್ಲ ನಾಯಿಗೂ "ಕೂಡು, ಮಲಗು, ಹಿಂದೆ ಬಾ" ಕಲಿಸುವ ತರಬೇತಿಗೆ ಬೆಲೆ ಇಲ್ಲ ಅಂತಲ್ಲ. ಆದರೆ ಆ ಮನೆಗೆ ಬೇಕಾದದ್ದು ಹೊಸ್ತಿಲು ದಾಟದ ನಾಯಿ. ಅದನ್ನು ಬಿಟ್ಟು ಉಳಿದದ್ದೆಲ್ಲ ಕಲಿಸಿದರೆ ಅಜ್ಜಿ ಬೈಯೋದು ನಿಲ್ಲುತ್ತಾ?

ದೋಷ: ಅಡುಗೆಮನೆ, ದೇವರಮನೆಗೆ ನುಗ್ಗುವುದು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಂದು ಅನುಕೂಲ ಇದೆ, ಹೊಸ್ತಿಲು. ನಾಯಿಗೆ "ಅಡುಗೆಮನೆ" ಅನ್ನೋ ಕಲ್ಪನೆ ಇಲ್ಲ, ಆದರೆ ಕಣ್ಣಿಗೆ ಕಾಣುವ, ಕಾಲಿಗೆ ಸಿಗುವ ಗೆರೆ ಬೇಗ ತಿಳಿಯುತ್ತದೆ. ಹೊಸ ಫ್ಲ್ಯಾಟಿನಲ್ಲಿ ಹೊಸ್ತಿಲು ಇಲ್ಲದಿದ್ದರೆ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ.

ಹೀಗೆ ಮಾಡಿ. ಬೇಯಿಸಿದ ಕೋಳಿಯ ಚೂರೋ ಪನೀರೋ ಕಡಲೆಬೇಳೆ ಗಾತ್ರಕ್ಕೆ ಕತ್ತರಿಸಿಕೊಳ್ಳಿ. ಮಾಂಸ ತಿನ್ನದ ಮನೆಯಾದರೆ ಪನೀರು ಸಾಕು. ನೀವು ಅಡುಗೆಮನೆ ಒಳಗೆ, ಹೊಸ್ತಿಲ ಹತ್ತಿರ ನಿಲ್ಲಿ. ನಾಯಿ ಪಡಸಾಲೆ ಕಡೆ ಇರಲಿ. ಮುಂಗಾಲು ಹೊಸ್ತಿಲ ಮೇಲೆ ಬಂದ ಕೂಡಲೇ ಮಾತಾಡದೆ ಒಂದು ಹೆಜ್ಜೆ ಮುಂದೆ ಬಂದು ದಾರಿ ಮುಚ್ಚಿ. ತಳ್ಳಬೇಡಿ, ಬೈಯಬೇಡಿ. ಕಾಲು ಹಿಂದೆ ಹೋದ ಗಳಿಗೆಯಲ್ಲೇ ಚೂರನ್ನು ಅದರ ಕಡೆ, ಪಡಸಾಲೆಯ ನೆಲದ ಮೇಲೆ ಹಾಕಿ. ತಿಂಡಿ ಯಾವತ್ತೂ ಆಚೆ ಬದಿಗೇ ಬೀಳಬೇಕು. ನಿಮ್ಮ ಕೈಗೆ ಬಂದು ತಿನ್ನುವ ಅಭ್ಯಾಸ ಆದರೆ ಗೆರೆ ದಾಟಿ ಬರೋದನ್ನೇ ಕಲಿಸಿದ ಹಾಗೆ.

ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಮೂರ್ನಾಲ್ಕು ದಿನದಲ್ಲಿ ನಾಯಿ ಹೊಸ್ತಿಲ ಹತ್ತಿರ ಬಂದು ತಾನೇ ನಿಂತು ನಿಮ್ಮನ್ನು ನೋಡತೊಡಗುತ್ತದೆ. ಆಗ ಕಷ್ಟ ಹೆಚ್ಚಿಸಿ. ಒಲೆ ಕಡೆ ಎರಡು ಹೆಜ್ಜೆ ಹೋಗಿ ಬನ್ನಿ. ಪಾತ್ರೆ ಸದ್ದು ಮಾಡಿ. ರೊಟ್ಟಿ ಬಡಿಯಿರಿ. ಸಪ್ತಾಪುರದಲ್ಲಿ ಎಲ್ಲವೂ ಸರಿ ಹೋಗಿ ರೊಟ್ಟಿ ಬಡಿಯುವ ಸದ್ದಿಗೆ ಮಾತ್ರ ನಾಯಿ ಎರಡು ದಿನ ಸೋತಿತು. ಆ ಸದ್ದು ಅಂದರೆ ಅಜ್ಜಿ ಏನೋ ಕೊಡುತ್ತಾರೆ ಅಂತ ಅದು ಮೊದಲೇ ಕಲಿತಿತ್ತು. ಅಜ್ಜಿಗೆ ಕೊಡುವುದನ್ನು ಬಿಡಿಸಲು ನಾನು ಹೋಗಲಿಲ್ಲ. ಅದು ಆಗದ ಕೆಲಸ. ಕೊಡುವ ಜಾಗ ಬದಲಿಸಿದೆ. ಅಜ್ಜಿ ತುಂಡು ರೊಟ್ಟಿ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಕೊಡಬೇಕು, ಅಷ್ಟೇ. ಈಗ ರೊಟ್ಟಿ ಸದ್ದು ಕೇಳಿದರೆ ನಾಯಿ ಕಟ್ಟೆಗೆ ಓಡುತ್ತದೆ.

ಒಂದು ಎಚ್ಚರಿಕೆ. ಉಳ್ಳಾಗಡ್ಡಿ (ಈರುಳ್ಳಿ) ನಾಯಿಗೆ ವಿಷ, ಅದರ ಕೆಂಪು ರಕ್ತಕಣವನ್ನು ಒಡೆಯುತ್ತದೆ. ಬೆಂದರೂ ಅಷ್ಟೇ. ಗಿರಮಿಟ್ಟು, ಸುಸಲ, ಉಪ್ಪಿಟ್ಟು ಉಳಿದದ್ದನ್ನು ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ಕೂಡ ಬೇಡ.

ದೋಷ: ಬೆಳಗಿನ ಬೊಗಳಾಟ

ಕೇಶ್ವಾಪುರದ ಒಂದು ಅಪಾರ್ಟ್‌ಮೆಂಟಿನ ಪೊಮೆರೇನಿಯನ್. ಹಾಲಿನವನು ಐದೂವರೆಗೆ ಬರುತ್ತಾನೆ. ಇದು ಬೊಗಳುತ್ತದೆ. ಪಕ್ಕದ ಮನೆಯಲ್ಲಿ ಆರು ತಿಂಗಳ ಕೂಸು. ಮುಂದಿನದು ನಿಮಗೇ ಗೊತ್ತು.

ನಾಯಿಯ ಲೆಕ್ಕ ನೋಡಿ. ಯಾರೋ ಬಂದ, ನಾನು ಬೊಗಳಿದೆ, ಅವನು ಹೋದ. ದಿನಾ ಗೆಲುವು! ಹಾಲಿನವನು ಹೇಗೂ ಹೋಗುವವನೇ ಅಂತ ಅದಕ್ಕೆ ಯಾರು ಹೇಳಬೇಕು? ಬಾಗಿಲು ತೆರೆದು ನೀವು "ಸುಮ್ನಿರು!" ಅಂತ ಕೂಗಿದರೆ ಮನೆಯವರೂ ಜತೆಗೆ ಬೊಗಳಿದರು ಅಂತ ಅದು ತಿಳಿಯಬಹುದು.

ಮೊದಲ ಉಪಾಯ ಕಲಿಕೆಯದಲ್ಲ, ವ್ಯವಸ್ಥೆಯದು. ಬಾಗಿಲ ಹೊರಗೆ ಚೀಲ ತೂಗುಹಾಕಿ, ಬೆಲ್ ಒತ್ತಬೇಡ ಅಂತ ಹೇಳಿ. ಗೇಟಿನ ಸಂದಿಯಿಂದ ಬೀದಿ ಕಾಣುತ್ತಿದ್ದರೆ ತಗಡು ಹೊಡೆಸಿ. ರಾತ್ರಿ ಒಳಗಿನ ಕೋಣೆಯಲ್ಲಿ ಮಲಗಿಸಿ. ಅರ್ಧ ದೂರು ಇಲ್ಲೇ ಮುಗಿಯುತ್ತದೆ. ಆಮೇಲೆ ಹಗಲು ಹೊತ್ತಿನಲ್ಲಿ ಗೆಳೆಯರನ್ನು ಕರೆದು ಬಾಗಿಲು ಬಡಿಸಿ. ಒಂದೆರಡು ಸಲ ಬೊಗಳಲಿ. ಮೆಲ್ಲಗೆ "ಸಾಕು" ಅಂದು ಮೂಗಿನ ಹತ್ತಿರ ತಿಂಡಿ ಹಿಡಿಯಿರಿ. ಮೂಸುವಾಗ ಬೊಗಳಲು ಆಗುವುದಿಲ್ಲ. ಸದ್ದು ನಿಂತ ಕ್ಷಣ ಕೊಡಿ.

ಪೂರ್ತಿ ಬಾಯಿ ಮುಚ್ಚಿಸಬೇಕಾ ಅನ್ನೋದು ಮನೆಯ ಪ್ರಶ್ನೆ. ಅದೇ ಪೊಮೆರೇನಿಯನ್ ಕುಂದಗೋಳದ ಹತ್ತಿರ ಹೊಲದ ಮನೆಯಲ್ಲಿ ಇದ್ದಿದ್ದರೆ ಮನೆಯವರು ಅದರ ಗಂಟಲಿಗೆ ಬೆಣ್ಣೆ ಹಚ್ಚುತ್ತಿದ್ದರು. ಅಲ್ಲಿ ಬೊಗಳದಿದ್ದರೇ ದೋಷ. ಕೇಶ್ವಾಪುರದ ಮನೆಯಲ್ಲಿ ಹಗಲು ಅತ್ತೆಯೊಬ್ಬರೇ ಇರುತ್ತಾರೆ, ಅವರಿಗೆ ನಾಯಿ ಬೊಗಳಿದರೇ ಧೈರ್ಯ. ಅದಕ್ಕೇ ಅಲ್ಲಿ "ಮೂರು ಸಲ ಬೊಗಳು, ಸಾಕು ಅಂದರೆ ನಿಲ್ಲಿಸು" ಅಂತ ಒಪ್ಪಂದ ಆಯಿತು.

ದೋಷ: ಮುಧೋಳ ನಾಯಿ ಕರೆದರೆ ಬರುವುದಿಲ್ಲ

ಗೋಕುಲ ರಸ್ತೆಯ ಎರಡನೇ ಮಹಡಿ. ಮನೆಯವರಿಗೆ ನಮ್ಮ ನೆಲದ ತಳಿ ಸಾಕಬೇಕು ಅನ್ನೋ ಹೆಮ್ಮೆ. ಒಳ್ಳೆಯದೇ. ಬಾಗಲಕೋಟೆ ಜಿಲ್ಲೆಯ ಮುಧೋಳ ನಮಗೆ ದೂರವೇನಲ್ಲ, 2005ರಲ್ಲಿ ಈ ತಳಿಯ ಅಂಚೆಚೀಟಿಯೂ ಬಂದಿದೆ. ಆದರೆ ನಿರೀಕ್ಷೆ ಎಲ್ಲಿಂದ ಬಂತು ಅಂದರೆ, ಅವರ ಅಣ್ಣನ ಮನೆಯ ಲ್ಯಾಬ್ರಡಾರ್‌ನಿಂದ. ಅದು ಚೆಂಡು ತಂದು ಕೈಗೆ ಕೊಡುತ್ತದೆ, ಬಂದವರಿಗೆಲ್ಲ ಮೈ ಒರೆಸುತ್ತದೆ. ಇದು ಚೆಂಡನ್ನು ಒಮ್ಮೆ ನೋಡಿ ಮುಖ ತಿರುಗಿಸುತ್ತದೆ.

ಲ್ಯಾಬ್ರಡಾರ್ ಬೇಟೆಗಾರ ಹೊಡೆದ ಹಕ್ಕಿಯನ್ನು ತಂದುಕೊಡಲು ಬೆಳೆಸಿದ ತಳಿ. ಬಾಯಲ್ಲಿ ಹಿಡಿಯೋದು, ಮನುಷ್ಯನ ಹತ್ತಿರ ಮರಳೋದು ಅದರ ರಕ್ತದಲ್ಲೇ ಇದೆ. ಮುಧೋಳ ಕಣ್ಣಿನಿಂದ ಬೇಟೆ ಹುಡುಕಿ ತಾನೇ ಬೆನ್ನಟ್ಟುವ ತಳಿ. ಮೊಲ ಓಡುವಾಗ ಯಜಮಾನನ ಅಪ್ಪಣೆ ಕೇಳುತ್ತ ನಿಂತರೆ ಬೇಟೆ ಆಗುತ್ತದೆಯೇ? ಬೆಕ್ಕು ಓಡಿದ್ದು ಕಂಡ ಮೇಲೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಇದು ಹಟ ಅಲ್ಲ.

ಹಾಗಂತ ಕರೆದರೆ ಬರುವುದನ್ನು ಕಲಿಸಬಾರದು ಅಂತಲ್ಲ. ಹತ್ತು ಮೀಟರ್ ಹಗ್ಗ ಕಟ್ಟಿ, ಕಾಂಪೌಂಡು ಇರುವ ಮೈದಾನದಲ್ಲಿ, ಬೆಳಿಗ್ಗೆ ಯಾರೂ ಇಲ್ಲದಾಗ ಶುರು ಮಾಡಿ. ಬಂದಾಗಲೆಲ್ಲ ಒಳ್ಳೆಯ ತಿಂಡಿ. ಕರೆದು ಬೈಯಬೇಡಿ, ಕರೆದು ಸ್ನಾನ ಮಾಡಿಸಬೇಡಿ, ಕರೆದು ಕೂಡಲೇ ಮನೆಗೂ ಎಳೆದೊಯ್ಯಬೇಡಿ. ಆದರೆ ರಸ್ತೆ ಪಕ್ಕದಲ್ಲಿ ಹಗ್ಗ ಬಿಚ್ಚುವ ಕನಸು ಬಿಡಿ. ಹುಬ್ಬಳ್ಳಿ-ಧಾರವಾಡ ನಡುವಿನ ವೇಗದ ಚಿಗರಿ ಬಸ್ಸು ಓಡುವ ರಸ್ತೆಯಲ್ಲಂತೂ ಯಾವ ತಳಿಯನ್ನೂ ಬಿಡಬಾರದು. ಕೊರಳಪಟ್ಟಿಯೂ ಇದಕ್ಕೆ ಸಾಲದು. ತಲೆ ಸಣ್ಣದು, ಕತ್ತು ದಪ್ಪ, ಹಿಂದಕ್ಕೆ ಜಗ್ಗಿದರೆ ಕಳಚಿ ಹೋಗುತ್ತದೆ. ಎದೆಗೆ ಹಾಕುವ ಪಟ್ಟಿ ತನ್ನಿ.

ಒಂದು ವಿಷಯಕ್ಕೆ ಆ ಮನೆಯವರಿಗೇ ಅಚ್ಚರಿ ಆಗಿತ್ತು. ಬೆಳಿಗ್ಗೆ ಚೆನ್ನಾಗಿ ಓಡಿಸಿದರೆ ಇದು ದಿನವಿಡೀ ಸೋಫಾದ ಮೇಲೆ ಬಿದ್ದಿರುತ್ತದೆ. ಫ್ಲ್ಯಾಟಿಗೆ ಮುಧೋಳ ಆಗದು ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆಳಿಗ್ಗೆ ಐದಕ್ಕೆ ಏಳಲಾರದ ಮನೆಗೆ ಆಗದು, ಅಷ್ಟೇ.

ದೋಷ: ಮೈಮೇಲೆ ಹಾರುವುದು

ಇದರಲ್ಲಿ ತಪ್ಪು ಮಾಡಿದವನು ನಾನೇ. ಮಂದಿಗೆ ಕಲಿಸುವ ನಾನು ನಮ್ಮ ಮನೆಯ ಮರಿ ಮೂರು ಕಿಲೋ ಇದ್ದಾಗ ಹಾರಿದರೆ ಎತ್ತಿ ಮುದ್ದಾಡಿದೆ. ವರ್ಷ ತುಂಬುವಾಗ ಅದು ಮೂವತ್ತು ಕಿಲೋ. ಒಂದು ಸಂಜೆ ಗುಡಿಯಿಂದ ಬಂದ ನಮ್ಮ ಅವ್ವನ ಮೇಲೆ ಹಾರಿತು. ಅವ್ವ ಗೋಡೆ ಹಿಡಿದು ನಿಂತಳು, ತೆಂಗಿನಕಾಯಿ ಉರುಳಿ ಗಟಾರಿಗೆ ಬಿತ್ತು. "ನೀ ಎಲ್ಲಾರ ನಾಯಿಗೂ ಕಲಸ್ತಿ, ನಿನ್ನ ನಾಯಿಗೆ ಯಾರ ಕಲಸ್ಬೇಕೋ?" ಅಂದಳು. ಉತ್ತರ ಇರಲಿಲ್ಲ.

ಹಾರಿದಾಗ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲಕ್ಕೆ ತಾಗಿದಾಗ ಮಾತಾಡಿಸಿ. ಉಪಾಯ ಇಷ್ಟೇ, ಆದರೆ ಮನೆಯ ಎಲ್ಲರೂ ಮಾಡಬೇಕು. ಒಬ್ಬರು ಹತ್ತರಲ್ಲಿ ಒಂದು ಸಲ ಮುದ್ದಾಡಿದರೂ ಚಟ ಇನ್ನೂ ಗಟ್ಟಿಯಾಗುತ್ತದೆ. ಓಸಿ (ಮಟ್ಕಾ ಜೂಜು) ಆಡುವವರನ್ನು ನೋಡಿ, ದಿನಾ ಹತ್ತಿದರೆ ಅಷ್ಟು ಹುಚ್ಚು ಇರುತ್ತಿರಲಿಲ್ಲ, ಯಾವಾಗಲೋ ಒಮ್ಮೆ ಹತ್ತುವುದೇ ಹುಚ್ಚು. ನಮ್ಮಲ್ಲಿ ಆ ಒಬ್ಬ ನನ್ನ ತಮ್ಮ. ಅವನನ್ನು ತಿದ್ದಲು ನಾಯಿಗಿಂತ ಜಾಸ್ತಿ ದಿನ ಹಿಡಿಯಿತು.

ದೋಷ: ಮನೆಯೊಳಗೆ ಉಚ್ಚೆ

ಮರಿಯಾದರೆ ಅದು ದೋಷವೇ ಅಲ್ಲ. ತಿಂಗಳ ಲೆಕ್ಕಕ್ಕೆ ಒಂದು ಕೂಡಿಸಿ, ಹಗಲು ಹೆಚ್ಚೆಂದರೆ ಅಷ್ಟು ಗಂಟೆ ತಡೆಯುತ್ತದೆ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆಯೇ ಹೆಚ್ಚು. ಎದ್ದ ಮೇಲೆ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಒಯ್ಯಿರಿ. ಮಾಡಿದ ಜಾಗದಲ್ಲೇ ಹೊಗಳಿ, ಮನೆಗೆ ಬಂದ ಮೇಲಲ್ಲ. ಧಾರವಾಡದ ಮಳೆಗಾಲದಲ್ಲಿ ಇದು ತಪ್ಪುವುದು ನಾಯಿಯಿಂದಲ್ಲ, ಕೊಡೆ ಹಿಡಿಯಲು ಬೇಸರಪಡುವ ನಮ್ಮಿಂದ. ಅದಕ್ಕೇ ಚೀಟಿಯಲ್ಲಿ ಮಳೆಯ ಪ್ರಶ್ನೆ ಇಟ್ಟದ್ದು. ನೆಲಕ್ಕೆ ಫಿನಾಯಿಲ್ ಬೇಡ. ಅದು ನಾಯಿಗೆ ಒಳ್ಳೆಯದಲ್ಲ, ಉಚ್ಚೆಯ ವಾಸನೆಯನ್ನು ನಮ್ಮ ಮೂಗಿಗೆ ಮುಚ್ಚುತ್ತದೆ, ಅದರ ಮೂಗಿಗೆ ಅಲ್ಲ. ನೀರು ದಿನಾ ಬಾರದ ಓಣಿಯವರು ಒಣಬಟ್ಟೆಯಲ್ಲಿ ಹೀರಿಸಿ, ಸಮ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿದರೆ ನೀರೂ ಉಳಿಯುತ್ತದೆ.

ಚಪ್ಪಲಿ ಕಡಿಯುವುದರ ಬಗ್ಗೆ ಕೇಳುವವರೂ ಇದ್ದಾರೆ. ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ವಸಡು ತುರಿಸುತ್ತದೆ. ಚಪ್ಪಲಿ ಮೇಲೆ ಇಡಿ.

ದೋಷ: ಒಂಟಿ ಬಿಟ್ಟರೆ ಮನೆ ರಾದ್ಧಾಂತ

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇದು ಜಾಸ್ತಿ. ಬಂದು ನೋಡಿದರೆ ದಿಂಬಿನ ಹತ್ತಿ ಹಾಲ್ ತುಂಬಾ. ಇಲ್ಲಿ ಊಹೆ ಬೇಡ. ಹಳೆಯ ಮೊಬೈಲನ್ನು ಕಪಾಟಿನ ಮೇಲಿಟ್ಟು ವಿಡಿಯೋ ಹಚ್ಚಿ ಹೋಗಿ. ನೀವು ಹೋದ ಮೊದಲ ಅರ್ಧ ಗಂಟೆಯಲ್ಲೇ ಅಳು, ಜೊಲ್ಲು, ಬಾಗಿಲು ಕೆರೆತ ಶುರುವಾದರೆ ಅದು ಭಯ. ಮೂರು ಗಂಟೆ ಮಲಗಿ ಎದ್ದು, ಮೈಮುರಿದು, ಆಮೇಲೆ ದಿಂಬಿಗೆ ಕೈ ಹಾಕಿದರೆ ಅದು ಬೇಸರ. ಬೇಸರಕ್ಕೆ ಬೆಳಿಗ್ಗೆ ಒಂದು ಗಂಟೆ ನಡಿಗೆ, ಕಡಿಯಲು ಏನಾದರೂ, ಮಧ್ಯಾಹ್ನ ಯಾರಾದರೂ ಬಂದು ಹತ್ತು ನಿಮಿಷ ಹೊರಗೆ ಒಯ್ದರೆ ಸಾಕು. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಡಾಂಬರು ಬೇಡ. ಅಂಗೈ ಹಿಂಬದಿಯನ್ನು ರಸ್ತೆಗೆ ಐದು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು.

ಭಯವಾದರೆ ಹೊಡೆತ, ಬೈಗುಳ ಅದನ್ನು ಹೆಚ್ಚಿಸುತ್ತವೆ. ಒಂದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಮೂರು, ಆಮೇಲೆ ಐದು. ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಒಂಟಿ ಬಿಡದಂತೆ ಯಾರನ್ನಾದರೂ ಹೊಂದಿಸಿಕೊಳ್ಳಬೇಕು.

ಸದ್ದಿನ ಭಯವೂ ಹೀಗೆಯೇ. ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ಹಲಗಿ, ದೀಪಾವಳಿಯ ಪಟಾಕಿ. ತಿಂಗಳು ಮೊದಲೇ ಮೊಬೈಲಿನಲ್ಲಿ ಹಲಗಿ ಸದ್ದನ್ನು ತೀರಾ ಸಣ್ಣಗೆ ಹಚ್ಚಿ ಊಟ ಹಾಕಿ, ದಿನದಿನಕ್ಕೆ ತುಸು ಏರಿಸಿ. ಹಬ್ಬದ ದಿನ ನಡುಕೋಣೆ, ಫ್ಯಾನು, ಟಿವಿ. ಹೆದರಿ ನಿಮ್ಮ ಹತ್ತಿರ ಬಂದರೆ ಸವರಿ. ಸವರಿದರೆ ಭಯ ಹೆಚ್ಚುತ್ತದೆ ಅನ್ನೋದು ಸುಳ್ಳು.

ಕಚ್ಚಿದರೆ

ಇಲ್ಲಿ ಪ್ರಯೋಗ ಇಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಷಿಣ, ಸುಣ್ಣ, ಖಾರಪುಡಿ ಏನೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ, ಡಾಕ್ಟರು ಹೇಳಿದ ಎಲ್ಲ ದಿನ ತಪ್ಪದೆ ಹೋಗಿ. ಮನೆ ನಾಯಿ ಅಂತ ಬಿಡಬೇಡಿ. ಆಮೇಲೆ ಪಶುವೈದ್ಯರಿಂದ ನೋವಿನ ಪರೀಕ್ಷೆ. ಅಂದಹಾಗೆ ಗುರ್ ಅಂದದ್ದಕ್ಕೆ ಎಂದೂ ಹೊಡೆಯಬೇಡಿ. ಗುರ್ ಅನ್ನೋದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚುತ್ತದೆ.

ಸರಿಯಾಗ್ತಿದೆಯೋ ಇಲ್ಲವೋ?

ನೆನಪನ್ನು ನಂಬಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯಲ್ಲಿ ಗೆರೆ ಹಾಕಿ, ಎಷ್ಟು ಸಲ ಹಾರಿತು, ಎಷ್ಟು ಸಲ ಹೊಸ್ತಿಲು ದಾಟಿತು. ಮೊದಲ ಮೂರ್ನಾಲ್ಕು ದಿನ ಗೆರೆ ಹೆಚ್ಚಾದರೆ ಗಾಬರಿ ಬೇಡ. ಇಷ್ಟು ದಿನ ಸಿಗುತ್ತಿದ್ದದ್ದು ನಿಂತಾಗ ಅದು ಇನ್ನೂ ಜೋರಾಗಿ ಕೇಳುತ್ತದೆ. ಬಹಳ ಮನೆಗಳು ಸೋಲುವುದು ಇದೇ ದಿನಗಳಲ್ಲಿ. ಎರಡು ವಾರ ಆದರೂ ಗೆರೆ ಇಳಿಯದಿದ್ದರೆ ಮತ್ತೆ ಚೀಟಿ ಪರೀಕ್ಷೆಗೆ ಬನ್ನಿ. ಯಾರೋ ಒಬ್ಬರು ಗುಟ್ಟಾಗಿ ಏನೋ ಕೊಡುತ್ತಿರುತ್ತಾರೆ.

ಅಪರೂಪಕ್ಕೆ ಏನು ಮಾಡಿದರೂ ಹೊಂದುವುದಿಲ್ಲ. ನವನಗರದ ಒಂದು ಮನೆಯಲ್ಲಿ ಎಂಬತ್ತು ದಾಟಿದ ದಂಪತಿಗೆ ಮಗ ಜರ್ಮನ್ ಶೆಫರ್ಡ್ ಮರಿ ತಂದುಕೊಟ್ಟು ಬೆಂಗಳೂರಿಗೆ ಹೋಗಿದ್ದ. ಅಜ್ಜ ಅದನ್ನು ಹಿಡಿಯಲಾರದೆ ಎರಡು ಸಲ ಬಿದ್ದರು. ಆ ಮನೆಗೆ ನಾನು ಏನೂ ಕಲಿಸಲಿಲ್ಲ. ಅಣ್ಣಿಗೇರಿ ಹತ್ತಿರ ಹೊಲದಲ್ಲಿ ಮನೆ ಇರುವ ಒಬ್ಬರಿಗೆ ನಾಯಿಯನ್ನು ಕೊಡಿಸಿದೆ. ಅಜ್ಜ ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಾರೆ.

ಚೀಟಿಯನ್ನು ಆರು ತಿಂಗಳಿಗೊಮ್ಮೆ ತೆಗೆದು ನೋಡಿ, ಮನೆ ಬದಲಾಗುತ್ತಿರುತ್ತದೆ. ಡಿಸೆಂಬರಿನಲ್ಲಿ ಸಪ್ತಾಪುರಕ್ಕೆ ಹೋದಾಗ ಫ್ರಿಜ್ ಮೇಲಿನ ಕಾಗದದಲ್ಲಿ "ದೇವರಮನೆ" ಹಾಗೇ ಇತ್ತು. "ಅಡುಗೆಮನೆ" ಅನ್ನೋದರ ಮುಂದೆ ಪೆನ್ಸಿಲಿನಲ್ಲಿ ಅಜ್ಜಿಯ ಅಕ್ಷರ: "ಅಡಿಗಿ ಆದ ಮ್ಯಾಲೆ ಬರಬಹುದು. ಥಂಡಿ ಅದ." ಅಜ್ಜಿ ಒಲೆ ಆರಿಸಿ ಕರೆಯುವವರೆಗೆ ನಾಯಿ ಹೊಸ್ತಿಲ ಆಚೆ ಮಲಗಿತ್ತು.